ಹೊಸ ಕಕ್ಷಿದಾರರ ಮಾಹಿತಿ ನಮೂನೆ: ಏನನ್ನು ಕೇಳಬೇಕು, ಏನನ್ನು ಬಿಡಬೇಕು?

ಉಡುಪಿಯ ವಕೀಲೆ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನಮ್ಮದು ಉಡುಪಿಯಲ್ಲಿರುವ ಸಣ್ಣ ವಕೀಲರ ಕಚೇರಿ. ಇಬ್ಬರು ಹಿರಿಯರು, ನಾವು ಮೂವರು ಕಿರಿಯರು, ಒಬ್ಬರು ಟೈಪಿಸ್ಟ್ ಮತ್ತು ಇಪ್ಪತ್ತಾರು ವರ್ಷಗಳಿಂದ ಅಲ್ಲೇ ಇರುವ ಗುಮಾಸ್ತರು. ಹೊಸದಾಗಿ ಬರುವವರ ವಿವರಗಳು ಇದುವರೆಗೆ ಒಂದು ಉದ್ದನೆಯ ರಿಜಿಸ್ಟರಿನಲ್ಲಿಯೂ, ಅದಕ್ಕಿಂತ ಹೆಚ್ಚಾಗಿ ಗುಮಾಸ್ತರ ತಲೆಯಲ್ಲಿಯೂ ಇದ್ದವು. ಬಂದವರ ಮುಖ ನೋಡಿದ ಕೂಡಲೇ ಇವರ ಅಣ್ಣ ಯಾವ ವರ್ಷ, ಯಾವ ಗಡಿ ತಕರಾರಿಗೆ ಬಂದಿದ್ದರು ಎಂಬುದನ್ನು ಅವರು ಹೇಳಿಬಿಡುತ್ತಾರೆ. ಮುಂದಿನ ವರ್ಷ ಅವರು ಕೆಲಸ ಬಿಡುವವರಿದ್ದಾರೆ. ಆದ್ದರಿಂದ ಒಂದು ಮಾಹಿತಿ ನಮೂನೆಯನ್ನು ಸಿದ್ಧಪಡಿಸುವ ಹೊಣೆ ನನ್ನ ಮೇಲೆ ಬಿತ್ತು.

ನಾನು ಉತ್ಸಾಹದಿಂದ 4 ಪುಟಗಳ, 62 ಪ್ರಶ್ನೆಗಳ ನಮೂನೆಯನ್ನು ಮಾಡಿ ಒಂದು ತಿಂಗಳು ಪ್ರಯೋಗಿಸಿದೆ. ಫಲ ಚೆನ್ನಾಗಿಲ್ಲ. ಕಳೆದ ವಾರ ವಯಸ್ಸಾದ ಒಬ್ಬರು ಮಳೆಯಲ್ಲಿ ನೆನೆಯದಂತೆ ದಾಖಲೆಗಳನ್ನು ಎರಡು ಪ್ಲಾಸ್ಟಿಕ್ ತೊಟ್ಟೆಗಳೊಳಗೆ ಸುತ್ತಿಕೊಂಡು ಬಂದಿದ್ದರು. ಹೆಸರು, ವಿಳಾಸ, ವಯಸ್ಸುಗಳನ್ನು ನಿಧಾನವಾಗಿ ತುಂಬಿಸಿದರು. ಮೂರನೆಯ ಪುಟದಲ್ಲಿ "ವ್ಯಾಜ್ಯಕಾರಣ ಉದ್ಭವಿಸಿದ ದಿನಾಂಕ ಮತ್ತು ಸ್ಥಳ" ಎಂಬ ಕಾಲಂ ಬಂದಾಗ ಪೆನ್ನು ನಿಂತಿತು. ಬಹಳ ಹೊತ್ತಿನ ನಂತರ ಅದರಲ್ಲಿ "ತಮ್ಮನಿಗೆ ಗೊತ್ತು" ಎಂದು ಬರೆದು ನನ್ನ ಕೈಗೆ ಕೊಟ್ಟರು. ಉಳಿದ ಮೂವತ್ತು ಪ್ರಶ್ನೆಗಳು ಖಾಲಿ. ತಪ್ಪು ಅವರದ್ದಲ್ಲ ಎಂದು ನನಗೆ ಆಗಲೇ ಅನ್ನಿಸಿತು.

ಯಾವ ಪ್ರಶ್ನೆಗಳನ್ನು ಉಳಿಸಿಕೊಳ್ಳಬೇಕು, ಕಾಗದದಲ್ಲಿ ತುಂಬಿಸಬೇಕೋ ಫೋನಿನಲ್ಲಿಯೋ, ಕೊನೆಯಲ್ಲಿ ಸಹಿ ಹಾಕಿಸಿಕೊಳ್ಳುವ ವಾಕ್ಯ ಹೇಗಿರಬೇಕು ಎಂಬ ಬಗ್ಗೆ ಅನುಭವಸ್ಥರು ತಿಳಿಸಿದರೆ ಉಪಕಾರವಾಗುತ್ತದೆ.

ಮಂಗಳೂರಿನ ಹಿರಿಯ ವಕೀಲರು

ಮೊದಲಿಗೆ ಒಂದು ಸಣ್ಣ ಆಕ್ಷೇಪ. ಮೇಡಂ, ಆ ವೃದ್ಧರ ಪ್ರಸಂಗದಲ್ಲಿ ಹೆಸರು ಇಲ್ಲದಿದ್ದರೂ ನಮ್ಮ ಊರು ಸಣ್ಣದು. ತೊಟ್ಟೆಯನ್ನು ಕಂಡವರು, ತಮ್ಮನನ್ನು ಬಲ್ಲವರು ಇಲ್ಲಿಯೂ ಇರಬಹುದು. ವಿವರಗಳನ್ನು ಬದಲಿಸಿದ್ದೀರಿ ಎಂದು ಭಾವಿಸುತ್ತೇನೆ.

ಇನ್ನು ವಿಷಯಕ್ಕೆ ಬರುತ್ತೇನೆ. ನಿಮ್ಮ 62 ಪ್ರಶ್ನೆಗಳಲ್ಲಿ ಎದುರು ಪಕ್ಷದವರ ಹೆಸರು ಎಷ್ಟನೆಯದ್ದು? ನಲವತ್ತರ ಆಚೆಗೆ ಇರಬಹುದು ಎಂದು ನನ್ನ ಊಹೆ, ಏಕೆಂದರೆ ಎಲ್ಲರೂ ಅದನ್ನು ಅಲ್ಲಿಯೇ ಇಡುತ್ತಾರೆ. ಅದು ಮೊದಲನೆಯದ್ದಾಗಬೇಕು, ಬಂದವರ ಸ್ವಂತ ಹೆಸರಿನ ನಂತರದ ಸಾಲಿನಲ್ಲಿಯೇ. ಒಂದು ಪಕ್ಷಕ್ಕೆ ಯಾವುದೇ ಹಂತದಲ್ಲಿ ಸಲಹೆ ಕೊಟ್ಟ ಅಥವಾ ಕರಡು ಬರೆದುಕೊಟ್ಟ ವಕೀಲನು ಅದೇ ವಿಷಯದಲ್ಲಿ ಎದುರು ಪಕ್ಷದ ಪರವಾಗಿ ನಿಲ್ಲಬಾರದು ಎಂಬುದು ಭಾರತೀಯ ವಕೀಲರ ಪರಿಷತ್ತಿನ ನಡತೆಯ ನಿಯಮಗಳಲ್ಲಿ 33ನೆಯದ್ದು. ಪಕ್ಷಗಾರರೊಂದಿಗೆ ತನಗೆ ಏನಾದರೂ ಸಂಬಂಧವಿದ್ದರೆ ಕೇಸು ಹಿಡಿಯುವಾಗಲೇ ಅದನ್ನು ಬಿಚ್ಚಿ ಹೇಳಬೇಕು ಎಂಬುದು 14ನೆಯದ್ದು. ಕಥೆಯನ್ನೆಲ್ಲ ಕೇಳಿದ ಮೇಲೆ ಹೆಸರು ಕೇಳಿದರೆ, ಕೇಳಿದ್ದನ್ನು ಕೇಳಿಲ್ಲವೆನ್ನಲು ಆಗುವುದಿಲ್ಲ.

ಇದನ್ನು ನಾನು ನಷ್ಟಪಟ್ಟು ಕಲಿತವನು. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಒಬ್ಬರು ಬಂದು ಪಾಲಿನ ವಿಷಯವನ್ನು ಮುಕ್ಕಾಲು ಗಂಟೆ ಹೇಳಿದರು. ತಮ್ಮ ಬಳಿ ಯಾವ ದಾಖಲೆ ಇಲ್ಲ, ಎಷ್ಟಕ್ಕೆ ರಾಜಿಯಾಗಲು ಸಿದ್ಧ ಎಂಬುದನ್ನೂ ಹೇಳಿದರು. ಅವರ ಸಹೋದರನ ಹೆಸರು ಕಟ್ಟಕಡೆಗೆ ಬಂತು. ಆತ ಎರಡು ತಿಂಗಳ ಹಿಂದೆ ಅದೇ ಜಾಗದ ಬಗ್ಗೆ ನನ್ನ ಕಿರಿಯನಿಂದ ನೋಟಿಸಿನ ಕರಡು ಬರೆಸಿಕೊಂಡು ಹೋಗಿದ್ದ. ಇಬ್ಬರನ್ನೂ ಬೇರೆ ಕಡೆಗೆ ಕಳುಹಿಸಬೇಕಾಯಿತು. ಇಬ್ಬರಿಗೂ ನನ್ನ ಮೇಲೆ ಇಂದಿಗೂ ಸಂಶಯವಿದೆ. ಆ ಸಂಶಯದಲ್ಲಿ ಅನ್ಯಾಯವೇನೂ ಇಲ್ಲ.

ಹೆಸರನ್ನು ಕೇಳುವ ಕ್ರಮವನ್ನೂ ಯೋಚಿಸಬೇಕು. ನಮ್ಮ ಜಿಲ್ಲೆಗಳಲ್ಲಿ ಒಂದೇ ಹೆಸರು, ಒಂದೇ ಉಪನಾಮದವರು ಒಂದೇ ಗ್ರಾಮದಲ್ಲಿ ನಾಲ್ಕು ಮಂದಿ ಸಿಗುತ್ತಾರೆ. ಪಹಣಿಯಲ್ಲಿ "ಬಿನ್" ಎಂದು ತಂದೆಯ ಹೆಸರು ಅಥವಾ "ಕೋಂ" ಎಂದು ಗಂಡನ ಹೆಸರು ಇರುತ್ತದೆ, ಆಧಾರಿನಲ್ಲಿ ಬೇರೊಂದು ರೂಪ, ಊರಿನಲ್ಲಿ ಕರೆಯುವುದು ಮೂರನೆಯ ಹೆಸರು. ಆದ್ದರಿಂದ ಎದುರು ಪಕ್ಷದವರ ಹೆಸರಿನೊಡನೆ ಮನೆಯ ಹೆಸರು, ಗ್ರಾಮ, ತಂದೆ ಅಥವಾ ಗಂಡನ ಹೆಸರು, ಕರೆಯುವ ಹೆಸರು ಇಷ್ಟನ್ನು ಒಂದೇ ಸಾಲಿನಲ್ಲಿ ಕೇಳಿ. ಕಂಪ್ಯೂಟರಿನಲ್ಲಿ ಹುಡುಕುವವರು ಕನ್ನಡದಲ್ಲಿಯೂ ಇಂಗ್ಲಿಷ್‌ನಲ್ಲಿಯೂ ದಾಖಲಿಸಿಕೊಳ್ಳಿ, ಏಕೆಂದರೆ ಶೆಟ್ಟಿ, ಡಿಸೋಜ ಎಂಬ ಎರಡು ಹೆಸರುಗಳನ್ನೇ ಇಂಗ್ಲಿಷ್‌ನಲ್ಲಿ ಎಷ್ಟು ಬಗೆಯಾಗಿ ಬರೆಯುತ್ತಾರೆಂದು ನಿಮಗೆ ಗೊತ್ತಿದೆ.

ಕುಂದಾಪುರದ ಕಿರಿಯ ವಕೀಲರು

ಹಿರಿಯರ ಮಾತಿಗೆ ಒಂದನ್ನು ಸೇರಿಸುತ್ತೇನೆ. ಹೆಸರಿನ ನಂತರ ತಾರೀಕು. ಈ ಎರಡು ಸಿಕ್ಕಿದರೆ ಉಳಿದದ್ದನ್ನು ಬಾಯಲ್ಲಿ ಕೇಳಿಕೊಳ್ಳಬಹುದು.

ಆದರೆ "ವ್ಯಾಜ್ಯಕಾರಣ ಉದ್ಭವಿಸಿದ ದಿನಾಂಕ" ಎಂಬುದು ನಾವು ದಾವಾಪತ್ರದಲ್ಲಿ ಬರೆಯಬೇಕಾದ ತೀರ್ಮಾನವೇ ಹೊರತು ಕಕ್ಷಿದಾರರನ್ನು ಕೇಳಬೇಕಾದ ಪ್ರಶ್ನೆಯಲ್ಲ. ಅವರನ್ನು ಕೇಳಬೇಕಾದದ್ದು ಅವರ ಕೈಗೆ ಸಿಕ್ಕಿದ ಕಾಗದದ ಬಗ್ಗೆ. ಚೆಕ್ಕಿನ ಪ್ರಕರಣವನ್ನೇ ನೋಡಿ. ಚೆಕ್ಕು ಅಮಾನ್ಯವಾಯಿತೆಂಬ ಮಾಹಿತಿ ಬ್ಯಾಂಕಿನಿಂದ ಬಂದ 30 ದಿನಗಳೊಳಗೆ ನೋಟಿಸು ಕೊಡಬೇಕು, ನೋಟಿಸು ತಲುಪಿದ ಮೇಲೆ ಹಣ ಕೊಡಲು 15 ದಿನ, ಆ ಅವಧಿ ಮುಗಿದ ಮೇಲೆ ದೂರು ಸಲ್ಲಿಸಲು ಒಂದು ತಿಂಗಳು. ಬಂದವರನ್ನು "ಚೆಕ್ ಬೌನ್ಸ್ ಆದದ್ದು ಯಾವಾಗ?" ಎಂದು ಕೇಳಿದರೆ ಚೆಕ್ಕಿನ ಮೇಲಿರುವ ತಾರೀಕನ್ನು ಹೇಳುತ್ತಾರೆ, ಇಲ್ಲವೇ ಸಾಲ ಕೊಟ್ಟ ದಿನವನ್ನು. ನಮ್ಮ ಕಚೇರಿಯ ಹಾಳೆಯಲ್ಲಿ ಈಗ "ಚೆಕ್ಕಿನೊಂದಿಗೆ ಬ್ಯಾಂಕಿನವರು ಕೊಟ್ಟ ಚೀಟಿ ನಿಮ್ಮ ಕೈಗೆ ಬಂದ ದಿನ ಯಾವುದು? ಚೀಟಿ ತಂದಿದ್ದೀರಾ?" ಎಂದಿದೆ. ಹಾಗೆ ಬದಲಿಸಿದ ಮೇಲೆ ಸರಿಯಾದ ಉತ್ತರ ಬರತೊಡಗಿತು.

ಸಮನ್ಸು ಬಂದವರಿಗೂ ಹಾಗೆಯೇ. ದಾವೆಯಲ್ಲಿ ಪ್ರತಿವಾದಿಯು ಸಮನ್ಸು ಜಾರಿಯಾದ 30 ದಿನಗಳಲ್ಲಿ ಲಿಖಿತ ಹೇಳಿಕೆ ಸಲ್ಲಿಸಬೇಕು, ನ್ಯಾಯಾಲಯ ಕಾರಣ ದಾಖಲಿಸಿ 90 ದಿನಗಳವರೆಗೆ ವಿಸ್ತರಿಸಬಹುದು. ಆದ್ದರಿಂದ ಮುಂದಿನ ತಾರೀಕಿನಷ್ಟೇ ಮುಖ್ಯವಾದದ್ದು ಸಮನ್ಸಿಗೆ ಸಹಿ ಹಾಕಿದ ದಿನ. ಅದನ್ನು ಮನೆಯಲ್ಲಿ ಯಾರು ತೆಗೆದುಕೊಂಡರು ಎಂಬುದನ್ನೂ ಕೇಳಬೇಕು. ತೀರ್ಪಿನ ವಿರುದ್ಧ ಬಂದವರಾದರೆ ಜಿಲ್ಲಾ ನ್ಯಾಯಾಲಯಕ್ಕೆ ಮೇಲ್ಮನವಿಗೆ 30 ದಿನ, ಉಚ್ಚ ನ್ಯಾಯಾಲಯಕ್ಕೆ 90 ದಿನ. ದೃಢೀಕೃತ ನಕಲು ಪಡೆಯಲು ಹಿಡಿದ ಕಾಲವನ್ನು ಅದರಿಂದ ಕಳೆಯಬೇಕಾಗುವುದರಿಂದ, ನಕಲಿಗೆ ಅರ್ಜಿ ಹಾಕಿದ ದಿನವೂ ಹಾಳೆಯಲ್ಲಿರಲಿ. ಸರ್ಕಾರದ ಮೇಲೆ ದಾವೆ ಹೂಡುವುದಿದ್ದರೆ ಸಾಮಾನ್ಯವಾಗಿ ಎರಡು ತಿಂಗಳ ನೋಟಿಸು ಮೊದಲೇ ಬೇಕು.

ಈಗಾಗಲೇ ನ್ಯಾಯಾಲಯದಲ್ಲಿರುವ ಪ್ರಕರಣವಾದರೆ ಪ್ರತಿ ಪ್ರಕರಣಕ್ಕೂ ಬೇರೆಯಾಗಿ ಕೊಡುವ 16 ಅಕ್ಷರ-ಅಂಕಿಗಳ ಸಿ.ಎನ್.ಆರ್. ಸಂಖ್ಯೆಯೊಂದೇ ಸಾಕು, ಪಕ್ಷಗಾರರ ಹೆಸರು, ಹಂತ, ಮುಂದಿನ ತಾರೀಕು ಎಲ್ಲವನ್ನೂ ನ್ಯಾಯಾಲಯಗಳ ಜಾಲತಾಣವಾದ ಇ-ಕೋರ್ಟ್ಸ್‌ನಲ್ಲಿ ನಾವೇ ನೋಡಿಕೊಳ್ಳಬಹುದು. ನಾವು ನೋಡಿಕೊಳ್ಳಬಹುದಾದದ್ದನ್ನು ಅವರಿಂದ ಬರೆಸುವುದು ಶಿಕ್ಷೆಯೇ ಸರಿ.

ಉಡುಪಿಯ ಒಬ್ಬ ಗುಮಾಸ್ತ

ನಾನು ವಕೀಲನಲ್ಲ, ಬೇರೊಂದು ಕಚೇರಿಯಲ್ಲಿ ಹದಿನೆಂಟು ವರ್ಷಗಳಿಂದ ಗುಮಾಸ್ತ. ದೊಡ್ಡವರ ನಡುವೆ ಮಾತನಾಡುವುದಕ್ಕೆ ಕ್ಷಮೆ ಇರಲಿ.

ಹಾಳೆಯನ್ನು ಬಂದವರ ಕೈಗೆ ಕೊಡುವುದೇ ಬೇಡ ಎಂಬುದು ನನ್ನ ಅಭಿಪ್ರಾಯ. ನಾನು ತುಳುವಿನಲ್ಲಿಯೋ ಕೊಂಕಣಿಯಲ್ಲಿಯೋ ಕೇಳುತ್ತೇನೆ, ಕನ್ನಡದಲ್ಲಿ ಬರೆದುಕೊಳ್ಳುತ್ತೇನೆ, ಬರೆದದ್ದನ್ನು ಓದಿ ಹೇಳುತ್ತೇನೆ, ಆಮೇಲೆ ಸಹಿ. ಬೆಂಚಿನಲ್ಲಿ ಕುಳಿತು ತುಂಬಿಸಿದರೆ ಪಕ್ಕದಲ್ಲಿ ಕುಳಿತವರೂ ಓದುತ್ತಾರೆ. ಒಮ್ಮೆ ಒಂದೇ ಜಾಗದ ಎರಡು ಕಡೆಯವರು ಒಂದೇ ಬೆಂಚಿನಲ್ಲಿ ಕುಳಿತಿದ್ದದ್ದನ್ನು ನಾನೇ ಕಂಡಿದ್ದೇನೆ. ಒಬ್ಬರು ನಮ್ಮಲ್ಲಿಗೆ, ಇನ್ನೊಬ್ಬರು ಅದೇ ಮಹಡಿಯ ಎದುರಿನ ಕಚೇರಿಗೆ ಬಂದವರು.

ಜಾಗದ ವಿಷಯದಲ್ಲಿ "ಆಸ್ತಿಯ ವಿವರ" ಎಂದು ಒಂದು ದೊಡ್ಡ ಚೌಕ ಬಿಟ್ಟರೆ ಯಾರೂ ಏನನ್ನೂ ಬರೆಯುವುದಿಲ್ಲ. ಗ್ರಾಮ, ಸರ್ವೆ ನಂಬರು, ಹಿಸ್ಸೆ, ಎಷ್ಟು ಸೆಂಟ್ಸ್ ಎಂದು ನಾಲ್ಕು ಸಣ್ಣ ಚೌಕಗಳಿರಲಿ. ತಾಲೂಕಿಗೆ ಎರಡು ಚೌಕ ಬೇಕು, ಈಗಿನದ್ದು ಮತ್ತು ದಾಖಲೆಯಲ್ಲಿ ಇರುವುದು. ಉಡುಪಿ ಜಿಲ್ಲೆ ಆದದ್ದು 1997ರಲ್ಲಿ, ಅದಕ್ಕಿಂತ ಹಿಂದಿನ ಕ್ರಯಪತ್ರಗಳಲ್ಲಿ ದಕ್ಷಿಣ ಕನ್ನಡ ಜಿಲ್ಲೆ ಎಂದೇ ಇರುತ್ತದೆ. ಆಮೇಲೆ ಬ್ರಹ್ಮಾವರ, ಕಾಪು, ಬೈಂದೂರು, ಹೆಬ್ರಿ ತಾಲೂಕುಗಳು ಬೇರೆಯಾದವು. ಹಳೆಯ ಕಾಗದದಲ್ಲಿ ಉಡುಪಿ ತಾಲೂಕು ಎಂದು ಇರುವ ಗ್ರಾಮವನ್ನು ಈಗ ಬ್ರಹ್ಮಾವರದಲ್ಲಿ ಹುಡುಕಬೇಕಾಗುತ್ತದೆ.

ಜಾಗ ಹೇಗೆ ಬಂತು ಎಂಬುದನ್ನು ಜನರ ಮಾತಿನಲ್ಲಿಯೇ ಕೇಳಿ: ಕ್ರಯಕ್ಕೆ ತೆಗೆದುಕೊಂಡದ್ದೋ, ಪಾಲಿನಲ್ಲಿ ಬಂದದ್ದೋ, ವೀಲುನಾಮೆಯೋ, ದಾನಪತ್ರವೋ, ಡಿಕ್ಲರೇಶನ್‌ನಲ್ಲಿ ಸಿಕ್ಕಿದ್ದೋ. ಭೂನ್ಯಾಯ ಮಂಡಳಿ, ಅಧಿಭೋಗದಾರಿಕೆ ಎಂದೆಲ್ಲ ಅಚ್ಚು ಹಾಕಿಸಿದರೆ ಅರ್ಥವಾಗುವುದಿಲ್ಲ, ಡಿಕ್ಲರೇಶನ್ ಎಂದರೆ ಎಂಬತ್ತು ವರ್ಷದ ಅಜ್ಜಿಗೂ ಗೇಣಿದಾರರಿಗೆ ಜಾಗ ಸಿಕ್ಕಿದ 1974ರ ಭೂಸುಧಾರಣೆಯ ಕಾನೂನು ನೆನಪಾಗುತ್ತದೆ.

ಕೊನೆಯದ್ದಾಗಿ, ಮೂಲ ದಾಖಲೆಗಳನ್ನು ಮೊದಲ ದಿನವೇ ಇಟ್ಟುಕೊಳ್ಳಬೇಡಿ. ನೋಡಿ, ನಕಲು ಮಾಡಿಸಿ, ಹಿಂದೆ ಕೊಡಿ. ಇಟ್ಟುಕೊಳ್ಳಲೇಬೇಕಾದರೆ ಪುಟಗಳ ಸಂಖ್ಯೆ ಬರೆದು ರಸೀದಿ ಕೊಡಿ. ರಸೀದಿ ಕೊಡದೆ ಇಟ್ಟುಕೊಂಡ ಒಂದು ಕ್ರಯಪತ್ರಕ್ಕಾಗಿ ನಾನು ಮೂರು ದಿನ ಕಪಾಟು ಹುಡುಕಿದ್ದೇನೆ. ಅದು ಅವರ ಮನೆಯ ದೇವರ ಕೋಣೆಯಲ್ಲಿಯೇ ಇತ್ತು.

ಮಂಗಳೂರಿನ ಹಿರಿಯ ವಕೀಲರು

ಗುಮಾಸ್ತರೇ, ಕ್ಷಮೆ ಕೇಳಬೇಕಾದವರು ನೀವಲ್ಲ, ನಿಮ್ಮನ್ನು ಕೇಳದೆ ನಮೂನೆ ಮಾಡುವ ನಾವು. ನಿಮ್ಮ ಕೊನೆಯ ಮಾತಿಗೆ ಕಾನೂನಿನ ಬೆಂಬಲವೂ ಇದೆ. ಶುಲ್ಕ ಬಾಕಿ ಇದೆಯೆಂದು ಕಕ್ಷಿದಾರನ ಕಾಗದಪತ್ರಗಳನ್ನು ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲನಿಗೆ ಇಲ್ಲವೆಂದು ಸರ್ವೋಚ್ಚ ನ್ಯಾಯಾಲಯ ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ 2000ದಲ್ಲಿಯೇ ಹೇಳಿದೆ. ರಸೀದಿಯ ಅರ್ಧವನ್ನು ಹಾಳೆಯ ಕೆಳಗೇ ಹರಿದುಕೊಡುವಂತೆ ಅಚ್ಚು ಹಾಕಿಸಿದರೆ ಮರೆಯುವ ಪ್ರಶ್ನೆಯೇ ಬರುವುದಿಲ್ಲ.

ಉಡುಪಿಯ ವಕೀಲೆ

ವಿವರಗಳನ್ನು ಬದಲಿಸಿಯೇ ಬರೆದಿದ್ದೆ ಸರ್, ಆದರೂ ನಿಮ್ಮ ಎಚ್ಚರಿಕೆ ಸರಿಯಾದದ್ದೇ. ಎದುರು ಪಕ್ಷದ ಹೆಸರು ನನ್ನ ನಮೂನೆಯಲ್ಲಿ 44ನೆಯ ಪ್ರಶ್ನೆ.

ಒಂದು ಇಕ್ಕಟ್ಟನ್ನು ಇಲ್ಲಿ ಕೇಳಬೇಕು. ನಮ್ಮಲ್ಲಿ ಕುಟುಂಬದ ಆಸ್ತಿಯ ವಿಷಯ ಬಂದರೆ ಅಳಿಯಕಟ್ಟೋ (ಆಸ್ತಿ ತಾಯಿಯ ಕಡೆಯಿಂದ ಬರುವ ಪದ್ಧತಿ) ಮಕ್ಕಳಕಟ್ಟೋ (ತಂದೆಯ ಕಡೆಯಿಂದ ಬರುವುದು) ಎಂಬುದು ಮೊದಲೇ ತಿಳಿಯಬೇಕು. ಅದನ್ನು ತಿಳಿಯಲು ನಾನು ಜಾತಿಯ ಕಾಲಂ ಇಟ್ಟಿದ್ದೆ. ಅಪಘಾತದ ಪರಿಹಾರಕ್ಕೆ ಬಂದ ಯುವಕನೊಬ್ಬ "ಗಾಡಿ ಗುದ್ದಿದ್ದಕ್ಕೆ ಜಾತಿ ಯಾಕೆ ಮೇಡಂ?" ಎಂದು ಕೇಳಿದ. ನನ್ನ ಬಳಿ ಉತ್ತರವಿರಲಿಲ್ಲ. ಆ ಕಾಲಂ ಇಲ್ಲದೆ ಈ ಮಾಹಿತಿಯನ್ನು ಪಡೆಯುವುದು ಹೇಗೆ?

ಮಂಗಳೂರಿನ ಹಿರಿಯ ವಕೀಲರು

ಆ ಯುವಕನ ಪ್ರಶ್ನೆ ನ್ಯಾಯವಾದದ್ದು. ಜಾತಿಯನ್ನು ಕೇಳಬೇಡಿ, ಜಾಗ ಯಾರ ಕಡೆಯಿಂದ ಬಂತೆಂದು ಕೇಳಿ.

ಸ್ವಲ್ಪ ವಿಸ್ತರಿಸಿ ಹೇಳುತ್ತೇನೆ, ಏಕೆಂದರೆ ಬೆಂಗಳೂರಿನಿಂದ ತರಿಸಿದ ಸಿದ್ಧ ನಮೂನೆಗಳಲ್ಲಿ ಇದು ಇರುವುದೇ ಇಲ್ಲ. 1949ರ ಮದರಾಸು ಅಳಿಯಸಂತಾನ ಅಧಿನಿಯಮದ ಪ್ರಕಾರ ಕುಟುಂಬವೂ ಅದರೊಳಗಿನ ಕವರುಗಳೂ (ಕುಟುಂಬದ ಕವಲುಗಳು) ಲೆಕ್ಕವಾಗುವುದು ಹೆಣ್ಣಿನ ಸಂತತಿಯ ಮೂಲಕ. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮ ಬಂದ ಮೇಲೆ, ಕುಟುಂಬದ ಅಥವಾ ಕವರಿನ ಆಸ್ತಿಯಲ್ಲಿ ಮೃತರಿಗಿದ್ದ ಹಿತಾಸಕ್ತಿ ಆ ಅಧಿನಿಯಮದಂತೆಯೇ ಹಂಚಿಕೆಯಾಗುತ್ತದೆ, ಅದಕ್ಕೆ 7ನೆಯ ಕಲಮಿನ 2ನೆಯ ಉಪಕಲಮು ಇದೆ. ಅಳಿಯಸಂತಾನಕ್ಕೆ ಒಳಪಟ್ಟವರ ಬಗ್ಗೆ 17ನೆಯ ಕಲಮು ಬೇರೆ ಇದೆ. ಹಾಗಾಗಿ ಯಾರು ಯಾವಾಗ ತೀರಿಕೊಂಡರು, ಅವರ ತಾಯಿ ಯಾರು, ಪಾಲಾದದ್ದು ಯಾವ ವರ್ಷ ಎಂಬ ಮೂರು ವಿಷಯಗಳಿಂದ ಇಡೀ ಪ್ರಕರಣದ ದಿಕ್ಕೇ ಬದಲಾಗಬಹುದು.

ಈಗ ನಿಮ್ಮ ಹಾಳೆಯನ್ನು ನೋಡಿ. ಅಲ್ಲಿ "ತಂದೆ/ಗಂಡನ ಹೆಸರು" ಎಂಬ ಒಂದೇ ಕಾಲಂ ಇರುತ್ತದೆ, ಪಹಣಿಯನ್ನು ನೋಡಿ ನಕಲು ಮಾಡಿದಂತೆ. ಅಳಿಯಕಟ್ಟಿನ ಕುಟುಂಬದ ಸಂತತಿ ನಕ್ಷೆಯನ್ನು ತಂದೆಯ ಹೆಸರಿನಿಂದ ಕಟ್ಟಲು ಸಾಧ್ಯವೇ ಇಲ್ಲ. ತಾಯಿಯ ಹೆಸರನ್ನೂ ತಾಯಿಯ ಮನೆಯ ಹೆಸರನ್ನೂ ಎಲ್ಲರಿಂದಲೂ ಕೇಳಿದರೆ ಯಾರಿಗೂ ಬೇಸರವಾಗುವುದಿಲ್ಲ, ಬೇಕಾದವರ ವಿಷಯದಲ್ಲಿ ಅದೇ ದಾರಿ ತೋರಿಸುತ್ತದೆ. ಉಳಿದ ವಿವರವನ್ನು ಜಾಗದ ಪ್ರಕರಣಗಳಿಗೆ ಮಾತ್ರ ಮೀಸಲಾದ ಎರಡನೆಯ ಹಾಳೆಯಲ್ಲಿ ಇಟ್ಟುಕೊಳ್ಳಿ. ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮ, ಮುಸ್ಲಿಮರಿಗೆ ಅವರ ವೈಯಕ್ತಿಕ ಕಾನೂನು ಅನ್ವಯವಾಗುವುದರಿಂದ ಆ ಹಾಳೆಯಲ್ಲಿ "ನಿಮ್ಮ ಕುಟುಂಬಕ್ಕೆ ಅನ್ವಯಿಸುವ ಉತ್ತರಾಧಿಕಾರದ ಕಾನೂನು" ಎಂಬ ಸಾಲನ್ನು ವಕೀಲರೇ ತುಂಬಿಸಲಿ.

ಮಣಿಪಾಲದಲ್ಲಿ ಜಾಲತಾಣ ವಿನ್ಯಾಸ ಮಾಡುವವರು

ಎರಡು ವಕೀಲರ ಕಚೇರಿಗಳಿಗೆ ಇಂತಹ ನಮೂನೆ ಮಾಡಿಕೊಟ್ಟಿದ್ದೇನೆ, ಆದ್ದರಿಂದ ಫೋನಿನ ಬಗ್ಗೆ ಕೆಲವು ಮಾತು.

ಉಚಿತವಾಗಿ ಸಿಗುವ ಗೂಗಲ್ ಫಾರ್ಮ್‌ನಲ್ಲಿ ಮಾಡಿ ವಾಟ್ಸಾಪ್‌ನಲ್ಲಿ ಕೊಂಡಿ ಕಳುಹಿಸುವುದು ಈಗಿನ ರೂಢಿ. ಅದರಲ್ಲಿ ಉತ್ತರಗಳ ಸಾರಾಂಶವನ್ನು ತುಂಬಿಸಿದವರಿಗೂ ತೋರಿಸುವ ಒಂದು ಆಯ್ಕೆ ಇದೆ. ಯಾರೋ ಅರಿಯದೆ ಅದನ್ನು ಒತ್ತಿಬಿಟ್ಟರೆ ಒಬ್ಬ ಕಕ್ಷಿದಾರರ ವಿಷಯ ಇನ್ನೊಬ್ಬರ ಫೋನಿನಲ್ಲಿ ತೆರೆದುಕೊಳ್ಳುತ್ತದೆ. ನಾನು ಹೋದ ಒಂದು ಕಚೇರಿಯಲ್ಲಿ ಉತ್ತರಗಳ ಹಾಳೆ ಕೆಲಸ ಬಿಟ್ಟುಹೋದ ಟೈಪಿಸ್ಟರ ಸ್ವಂತ ಖಾತೆಯಲ್ಲಿಯೇ ಇತ್ತು, ಎರಡು ವರ್ಷಗಳಷ್ಟು. ಯಾರ ಖಾತೆ, ಯಾರಿಗೆ ಪ್ರವೇಶ, ಎಷ್ಟು ಕಾಲ ಇಟ್ಟುಕೊಳ್ಳುವುದು, ಕೇಸು ಹಿಡಿಯದವರ ವಿವರವನ್ನು ಯಾವಾಗ ಅಳಿಸುವುದು ಎಂಬುದನ್ನು ಪ್ರಶ್ನೆಗಳನ್ನು ಬರೆಯುವ ಮೊದಲೇ ತೀರ್ಮಾನಿಸಬೇಕು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮದ ಪ್ರಕಾರ, ಮಾಹಿತಿಯನ್ನು ಯಾಕೆ ಪಡೆಯುತ್ತೇವೆಂಬ ಸೂಚನೆಯನ್ನು ಇಂಗ್ಲಿಷ್‌ನಲ್ಲಾಗಲಿ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಾಗಲಿ ಓದುವ ಆಯ್ಕೆಯನ್ನು ಜನರಿಗೆ ಕೊಡಬೇಕು. ಕನ್ನಡವೂ ಕೊಂಕಣಿಯೂ ಆ ಪಟ್ಟಿಯಲ್ಲಿವೆ. ತುಳು, ಬ್ಯಾರಿ ಇಲ್ಲ. ಹಾಗಾಗಿ ಗುಮಾಸ್ತರು ಓದಿ ಹೇಳುವ ಪದ್ಧತಿಯನ್ನು ತಂತ್ರಜ್ಞಾನದ ಹೆಸರಿನಲ್ಲಿ ಬಿಡಬೇಡಿ.

ಆಧಾರ್ ಪ್ರತಿಯನ್ನು ಮೊದಲ ಭೇಟಿಯಲ್ಲಿಯೇ ಕೇಳುವ ಅಭ್ಯಾಸ ಎಲ್ಲೆಡೆ ಇದೆ. ಗುರುತಿಗೆ ಬೇಕೇ ಬೇಕೆಂದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಪ್ರತಿಯನ್ನು ತೆಗೆದುಕೊಳ್ಳಿ.

ಕುಂದಾಪುರದ ಕಿರಿಯ ವಕೀಲರು

ಆ ಅಧಿನಿಯಮದಲ್ಲಿ ಕಾನೂನಿನ ಹಕ್ಕನ್ನು ಸ್ಥಾಪಿಸಲು ಅಗತ್ಯವಾದ ಮಾಹಿತಿಗೆ 17ನೆಯ ಕಲಮಿನಲ್ಲಿ ವಿನಾಯಿತಿ ಇದೆಯಲ್ಲವೇ? ನಮಗೆ ಅದು ಹೊರೆಯಾಗುವುದಿಲ್ಲ ಎಂದು ನನ್ನ ತಿಳಿವಳಿಕೆ.

ಮಂಗಳೂರಿನ ಹಿರಿಯ ವಕೀಲರು

ಇದೆ, ಆದರೆ ಮಾಹಿತಿಯನ್ನು ಸೋರದಂತೆ ಕಾಪಾಡುವ ಹೊಣೆಗೆ ಅದರಲ್ಲಿ ವಿನಾಯಿತಿ ಇಲ್ಲ. ಇನ್ನೂ ಒಂದು ಕಾರಣಕ್ಕೆ ಮೊದಲ ಹಾಳೆ ಚಿಕ್ಕದಿರಬೇಕು. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೆಯ ಕಲಮು ರಕ್ಷಿಸುವುದು "ಕಕ್ಷಿದಾರ" ವಕೀಲನಿಗೆ ವೃತ್ತಿಯ ಸಂಬಂಧದಲ್ಲಿ ತಿಳಿಸಿದ್ದನ್ನು. ಅದು ದುಭಾಷಿ, ಗುಮಾಸ್ತ ಮತ್ತು ನೌಕರರಿಗೂ ಅನ್ವಯವಾಗುತ್ತದೆ. ಆದರೆ ಕೇಸು ಹಿಡಿಯುತ್ತೇವೋ ಇಲ್ಲವೋ ಎಂದು ತೀರ್ಮಾನವಾಗದ ದಿನ ಬರೆಸಿಕೊಂಡ ಹಾಳೆಯ ಬಗ್ಗೆ ಯಾರಾದರೂ ವಾದ ಎಬ್ಬಿಸಬಹುದು. ಬರೆಸದಿದ್ದರೆ ವಾದಕ್ಕೆ ವಸ್ತುವೇ ಇರುವುದಿಲ್ಲ.

ಕ್ರಿಮಿನಲ್ ಪ್ರಕರಣಗಳಲ್ಲಂತೂ ಇದನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು. ಆರೋಪಿಯ ಕೈಯಿಂದ "ನಡೆದ ಘಟನೆಯ ವಿವರ" ಬರೆಸುವ ನಮೂನೆಯನ್ನು ನಾನು ಕಂಡಿದ್ದೇನೆ. ಠಾಣೆ, ಅಪರಾಧ ಸಂಖ್ಯೆ, ಕಲಮುಗಳು, ಬಂಧನವಾಗಿದೆಯೇ, ಆಗಿದ್ದರೆ ಯಾವ ದಿನ ಎಷ್ಟು ಹೊತ್ತಿಗೆ ಎಂಬಷ್ಟೇ ಹಾಳೆಯಲ್ಲಿರಲಿ. ನಡೆದದ್ದನ್ನು ಬಾಗಿಲು ಹಾಕಿಕೊಂಡು ಕಿವಿಯಲ್ಲಿ ಕೇಳಿ.

ಮಂಗಳೂರಿನ ಓದುಗರೊಬ್ಬರು

ಇಲ್ಲಿ ಮಾತನಾಡುತ್ತಿರುವವರೆಲ್ಲ ಮೇಜಿನ ಆ ಕಡೆಯವರು. ನಾನು ಈ ಕಡೆ ಕುಳಿತವಳು. ಕೌಟುಂಬಿಕ ನ್ಯಾಯಾಲಯದಲ್ಲಿ ನನ್ನ ಪ್ರಕರಣ ಮುಗಿದು ಕೆಲವು ವರ್ಷಗಳಾದವು, ಆದ್ದರಿಂದ ಬರೆಯಬಹುದೆಂದುಕೊಂಡಿದ್ದೇನೆ.

ಮೊದಲು ನಾನು ಹೋದ ಕಚೇರಿಯ ನಮೂನೆಯಲ್ಲಿ ಎರಡು ಫೋನ್ ನಂಬರುಗಳನ್ನು ಕೇಳಿದ್ದರು. ನನ್ನದನ್ನು ಬರೆದೆ, ಎರಡನೆಯ ಚೌಕ ಖಾಲಿ ಬಿಡಬಾರದೆಂದು ಮನೆಯ ನಂಬರನ್ನು ಬರೆದೆ. ಆಗ ನಾನಿನ್ನೂ ಗಂಡನ ಮನೆಯಲ್ಲಿಯೇ ಇದ್ದೆ. ಎರಡು ದಿನಗಳ ನಂತರ ನನ್ನ ಫೋನ್ ತಾಗಲಿಲ್ಲವೆಂದು ಕಚೇರಿಯಿಂದ ಮನೆಯ ನಂಬರಿಗೆ ಕರೆ ಮಾಡಿದರು. ಫೋನ್ ಎತ್ತಿದವರು ಅತ್ತೆ. ಕರೆ ಮಾಡಿದ ಹುಡುಗಿ ಬಹಳ ಮರ್ಯಾದೆಯಿಂದ, ವಕೀಲರ ಆಫೀಸಿನಿಂದ ಮಾತನಾಡುವುದು, ಮೇಡಂ ಇದ್ದಾರಾ ಎಂದು ಕೇಳಿದಳಂತೆ. ಆ ರಾತ್ರಿ ಏನಾಯಿತು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಮರುದಿನ ಬೆಳಗ್ಗೆ ಒಂದು ಬ್ಯಾಗಿನೊಂದಿಗೆ ತಾಯಿಯ ಮನೆಗೆ ಬಂದೆ.

ಎರಡನೆಯ ಬಾರಿ ನಾನು ಹೋದದ್ದು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ. ಅಲ್ಲಿ ಬರೆದುಕೊಳ್ಳುತ್ತಿದ್ದವರು ಕಾಗದದಿಂದ ತಲೆ ಎತ್ತಿ, "ಈ ನಂಬರಿಗೆ ನಾವು ಕರೆ ಮಾಡಬಹುದಾ? ನೀವಲ್ಲದೆ ಬೇರೆ ಯಾರಾದರೂ ಎತ್ತುತ್ತಾರಾ? ಎಷ್ಟು ಹೊತ್ತಿಗೆ ಮಾಡಿದರೆ ಒಳ್ಳೆಯದು?" ಎಂದು ಕೇಳಿದರು. ಅದು ಅವರ ಅರ್ಜಿಯಲ್ಲಿ ಅಚ್ಚಾಗಿತ್ತೋ ಅವರೇ ಕೇಳಿದರೋ ಗೊತ್ತಿಲ್ಲ. ನಿಮ್ಮ ನಮೂನೆಯಲ್ಲಿ ಅಚ್ಚಾಗಿರಲಿ ಎಂಬುದಷ್ಟೇ ನನ್ನ ಕೋರಿಕೆ. ಅಂಚೆಯಲ್ಲಿ ಕಾಗದ ಕಳುಹಿಸಬಹುದೇ, ವಾಟ್ಸಾಪ್ ಸಂದೇಶ ಬೇರೆಯವರ ಕಣ್ಣಿಗೆ ಬೀಳುತ್ತದೆಯೇ ಎಂಬುದೂ ಅದರ ಜೊತೆಯಲ್ಲಿರಲಿ.

ಇನ್ನೊಂದು. ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆಯೆಂದು ಮೊದಲ ಕಚೇರಿಯಲ್ಲಿ ಯಾರೂ ಹೇಳಿರಲಿಲ್ಲ.

ಉಡುಪಿಯ ವಕೀಲೆ

ನಿಮ್ಮ ಬರಹವನ್ನು ನಮ್ಮ ಕಚೇರಿಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ನಮ್ಮ ಟೈಪಿಸ್ಟ್ ಕೂಡಲೇ ಎದ್ದು ಹಳೆಯ ಹಾಳೆಗಳಲ್ಲಿ ಎರಡನೆಯ ನಂಬರುಗಳನ್ನು ನೋಡತೊಡಗಿದರು. ಫೋನಿನ ಸಾಲನ್ನು ನೀವು ಬರೆದ ಮಾತುಗಳಲ್ಲಿಯೇ ಹಾಕುತ್ತೇವೆ.

ಕಾನೂನು ನೆರವಿನ ವಿಷಯದಲ್ಲಿ ನೀವು ಹೇಳಿದ್ದು ಸರಿ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದ 12ನೆಯ ಕಲಮಿನ ಪ್ರಕಾರ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವೈಕಲ್ಯ ಇರುವವರು, ಕೈಗಾರಿಕಾ ಕಾರ್ಮಿಕರು, ಬಂಧನದಲ್ಲಿರುವವರು ಇದಕ್ಕೆ ಅರ್ಹರು. ಸಹಾಯವಾಣಿ 15100. ಹಾಳೆಯ ಹಿಂಬದಿಯಲ್ಲಿ ಇದನ್ನು ಅಚ್ಚು ಹಾಕಿಸಿದರೆ ನಮಗೆ ಬರುವ ಕೇಸುಗಳು ಕಡಿಮೆಯಾಗುವುದಿಲ್ಲವೇ ಎಂದು ನಮ್ಮ ಹಿರಿಯರೊಬ್ಬರು ನಗುತ್ತಾ ಕೇಳಿದರು. ಅಚ್ಚು ಹಾಕಿಸಲು ಒಪ್ಪಿದವರೂ ಅವರೇ.

ಕುವೈತಿನಲ್ಲಿರುವ ಉಡುಪಿಯವರು

ಊರಿನ ಜಾಗದ ಪ್ರಕರಣವನ್ನು ಇಲ್ಲಿಂದಲೇ ನಡೆಸುತ್ತಿರುವವನು ನಾನು, ಆದ್ದರಿಂದ ಸಣ್ಣ ಸಲಹೆ. ಬಂದವರು ಸ್ವತಃ ಹಕ್ಕುದಾರರೋ ಅವರ ಪರವಾಗಿ ಬಂದವರೋ ಎಂದು ಕೇಳಿ. ನನ್ನ ತಂದೆಯವರು ನನ್ನ ಹೆಸರಿನ ಜಾಗಕ್ಕೆ ತಮ್ಮ ಹೆಸರಿನಲ್ಲಿಯೇ ಹಾಳೆ ತುಂಬಿಸಿದ್ದರು, ನೋಟಿಸು ಅವರ ಹೆಸರಿನಲ್ಲಿ ಹೋಗಿ ಮತ್ತೆ ಕಳುಹಿಸಬೇಕಾಯಿತು. ವಿದೇಶದಲ್ಲಿ ಮಾಡಿಸಿದ ಅಧಿಕಾರ ಪತ್ರಕ್ಕೆ ಭಾರತಕ್ಕೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕೆಂಬುದನ್ನ ಅದೇ ಹಾಳೆಯಲ್ಲಿ ತಿಳಿಸಿದರೆ ನಮ್ಮಂತಹವರಿಗೆ ಒಳ್ಳೆಯದು. ಕರೆ ಮಾಡುವ ಹೊತ್ತನ್ನೂ ಬರೆದುಕೊಳ್ಳಿ, ನಮ್ಮ ಗಡಿಯಾರ ನಿಮ್ಮದಕ್ಕಿಂತ ಎರಡೂವರೆ ಗಂಟೆ ಹಿಂದೆ.

ಕುಂದಾಪುರದ ಕಿರಿಯ ವಕೀಲರು

"ನಮ್ಮ ಕಚೇರಿಯ ಬಗ್ಗೆ ಹೇಗೆ ತಿಳಿಯಿತು?" ಎಂಬ ಪ್ರಶ್ನೆ ಎಲ್ಲ ಸಿದ್ಧ ನಮೂನೆಗಳಲ್ಲಿಯೂ ಇದೆ. ಜಾಹೀರಾತು ಕೊಡುವಂತಿಲ್ಲದ ವೃತ್ತಿಯಲ್ಲಿ ಅದರಿಂದ ಏನು ಪ್ರಯೋಜನವೋ ತಿಳಿಯದು, ತೆಗೆದುಹಾಕಿ. ಅದರ ಬದಲು "ಈ ವಿಷಯದಲ್ಲಿ ಮೊದಲು ಬೇರೆ ವಕೀಲರು ಇದ್ದರೇ?" ಎಂದು ಕೇಳಿ, ಏಕೆಂದರೆ ನ್ಯಾಯಾಲಯದಲ್ಲಿ ವಕಾಲತ್ತು (ಕಕ್ಷಿದಾರರು ಸಹಿ ಹಾಕಿಕೊಡುವ ಅಧಿಕಾರ ಪತ್ರ) ಹಾಕಿರುವ ವಕೀಲರ ಒಪ್ಪಿಗೆ ಅಥವಾ ನ್ಯಾಯಾಲಯದ ಅನುಮತಿ ಇಲ್ಲದೆ ನಾವು ಹಾಜರಾಗುವಂತಿಲ್ಲ. ಶುಲ್ಕದ ವಿಷಯ ಮೊದಲ ಹಾಳೆಯಲ್ಲಿ ಬೇಡ.

ಉಡುಪಿಯ ವಕೀಲೆ

ಕೊನೆಯ ವಾಕ್ಯ ಉಳಿಯಿತು. ನನ್ನ ಹಳೆಯ ನಮೂನೆಯಲ್ಲಿ "ಈ ನಮೂನೆಯ ಸಲ್ಲಿಕೆಯು ವಕೀಲ-ಕಕ್ಷಿದಾರ ಸಂಬಂಧವನ್ನು ಸೃಷ್ಟಿಸತಕ್ಕದ್ದಲ್ಲ" ಎಂದಿತ್ತು. ನಮ್ಮ ಗುಮಾಸ್ತರಿಗೆ ಓದಲು ಕೊಟ್ಟೆ. ಓದಿ, ಇದರಲ್ಲಿ ಯಾರು ಯಾರಿಗೆ ಸಂಬಂಧ ಆಗಬೇಕು ಎಂದು ಕೇಳಿದರು. ಈಗ ಹೀಗೆ ಬರೆದಿದ್ದೇನೆ: "ಈ ಹಾಳೆಯನ್ನು ತುಂಬಿಸಿಕೊಟ್ಟ ಮಾತ್ರಕ್ಕೆ ನಿಮ್ಮ ಕೇಸನ್ನು ನಾವು ವಹಿಸಿಕೊಂಡ ಹಾಗೆ ಆಗುವುದಿಲ್ಲ. ವಕಾಲತ್ತಿಗೆ ನೀವು ಸಹಿ ಹಾಕಿದ ಮೇಲೆಯೇ ಕೇಸು ನಮ್ಮದು."

ಮಂಗಳೂರಿನ ಹಿರಿಯ ವಕೀಲರು

ಮೊದಲ ವಾಕ್ಯ ಚೆನ್ನಾಗಿದೆ. ಎರಡನೆಯದ್ದು ಸರಿಯಲ್ಲ, ಏಕೆಂದರೆ ನೋಟಿಸು ಬರೆಯಲು, ಕರಾರು ಪತ್ರ ಪರಿಶೀಲಿಸಲು ವಕಾಲತ್ತು ಇರುವುದಿಲ್ಲ, ಆದರೂ ಅವರು ನಮ್ಮ ಕಕ್ಷಿದಾರರೇ. "ವಹಿಸಿಕೊಂಡಿದ್ದೇವೆ ಎಂದು ನಾವು ಬರೆದುಕೊಟ್ಟ ಮೇಲೆಯೇ ಕೇಸು ನಮ್ಮದು. ಅಲ್ಲಿಯವರೆಗೆ ನಿಮ್ಮ ಗಡುವು ಓಡುತ್ತಲೇ ಇರುತ್ತದೆ" ಎಂದು ಮಾಡಿ. ಗಡುವಿನ ಮಾತನ್ನು ದಪ್ಪ ಅಕ್ಷರದಲ್ಲಿ ಹಾಕಿ. ಹಾಳೆ ಕೊಟ್ಟು ಹೋದವರು ಕೇಸು ಹಾಕಿಯಾಯಿತೆಂದುಕೊಂಡು ಮನೆಯಲ್ಲಿ ಕುಳಿತುಬಿಡುತ್ತಾರೆ. ನೀವು ಕೇಸು ಹಿಡಿಯದಿದ್ದರೆ ಅದನ್ನೂ ಬರೆದೇ ತಿಳಿಸಿ, ಎಷ್ಟು ದಿನಗಳೊಳಗೆ ತಿಳಿಸುತ್ತೀರೆಂಬುದನ್ನು ಹಾಳೆಯಲ್ಲಿಯೇ ನಮೂದಿಸಿ.

ಉಡುಪಿಯ ವಕೀಲೆ

ಎರಡು ವಾರಗಳ ನಂತರ ಬರೆಯುತ್ತಿದ್ದೇನೆ. 4 ಪುಟಗಳು ಒಂದೇ ಹಾಳೆಯ ಒಂದು ಬದಿಯಾಗಿವೆ, 62 ಪ್ರಶ್ನೆಗಳು 11 ಆಗಿವೆ. ಮೇಲುಗಡೆ ಬಂದವರ ಹೆಸರು, ತಾಯಿಯ ಹೆಸರು, ಅದರ ಕೆಳಗೆ ಎದುರು ಪಕ್ಷದವರು. ಈ ಭಾಗವನ್ನು ಬರೆದುಕೊಂಡ ಕೂಡಲೇ ಗುಮಾಸ್ತರು ಒಳಗೆ ಹೋಗಿ ರಿಜಿಸ್ಟರನ್ನೂ ಕಂಪ್ಯೂಟರನ್ನೂ ನೋಡಿ ಬರುತ್ತಾರೆ, ಆಮೇಲೆಯೇ ಉಳಿದ ಮಾತು. ಆ ನಾಲ್ಕು ನಿಮಿಷ ಬಂದವರಿಗೆ ನೀರು ಕೊಡುತ್ತೇವೆ. ನಂತರ ಕೈಗೆ ಬಂದ ಕಾಗದ ಯಾವುದು, ಬಂದ ದಿನ ಯಾವುದು, ಫೋನಿನ ಸಾಲು, ಹಿಂದಿನ ವಕೀಲರು. ಜಾಗದವರಿಗೆ ಮಾತ್ರ ಎರಡನೆಯ ಹಾಳೆ. ಫೋನಿನ ನಮೂನೆಯಲ್ಲಿ ಹೆಸರು, ಎದುರು ಪಕ್ಷ ಮತ್ತು ಭೇಟಿಯ ಹೊತ್ತನ್ನು ಬಿಟ್ಟು ಬೇರೇನನ್ನೂ ಕೇಳುವುದಿಲ್ಲ. ಎರಡು ವಾರಗಳಲ್ಲಿ ಒಬ್ಬರನ್ನು, ಅವರ ಎದುರು ಪಕ್ಷದವರು ನಮ್ಮ ಹಳೆಯ ಕಕ್ಷಿದಾರರೆಂದು ತಿಳಿದು, ಕಥೆ ಕೇಳುವ ಮೊದಲೇ ಬೇರೆ ಕಚೇರಿಗೆ ಹೋಗುವಂತೆ ಹೇಳಿದೆವು.

ಹನ್ನೊಂದನೆಯ ಪ್ರಶ್ನೆಯನ್ನು ಸೇರಿಸಿದವರು ಗುಮಾಸ್ತರು. "ಈ ವಿಷಯ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವರನ್ನು ಕೇಳಲು ನಿಮ್ಮ ಒಪ್ಪಿಗೆ ಇದೆಯೇ?" ಇದುವರೆಗೆ ಅದೊಂದು ಚೌಕವನ್ನು ಯಾರೂ ಖಾಲಿ ಬಿಟ್ಟಿಲ್ಲ.